ಚೆನ್ನಕ್ಕ ಆರಿಸಿದ ಕೋವಿ

ಬೋಜ ಗೌಡರ ಉತ್ತರಕ್ರಿಯೆ ಮುಗಿದು ನಾಲ್ಕು ದಿನ ಆಗಿತ್ತಷ್ಟೆ, ಠಾಣೆಯಿಂದ ಫೋನು ಬಂತು. ಪರವಾನಗಿ ಇದ್ದವರು ತೀರಿಹೋದ ಮೇಲೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲಿಕ್ಕಿಲ್ಲ, ತಂದು ಒಪ್ಪಿಸಿ, ಆಮೇಲೆ ವಾರಸುದಾರರು ಯಾರಾದರೂ ಅರ್ಜಿ ಹಾಕಬಹುದು ಎಂದು ಆ ಕಡೆಯ ದನಿ ಮರ್ಯಾದೆಯಿಂದಲೇ ಹೇಳಿತು. "ಆಯ್ತು, ನಾಳೆ ತರ್ತೇವೆ" ಎಂದಳು ಗೌಡರ ಹೆಂಡತಿ ಚೆನ್ನಕ್ಕ. ಫೋನಿಟ್ಟು ಒಳಗೆ ಹೋಗಿ ಕಪಾಟಿನಿಂದ ಕೋವಿ ತೆಗೆದಳು. ಮಡಚಿ ನಳಿಕೆಯೊಳಗೆ ತೋಟೆ ಇಲ್ಲವೆಂದು ನೋಡಿದಳು. ಹೊಲಿಗೆ ಮಿಷನಿಗೆ ಬಿಡುವ ಎಣ್ಣೆಯನ್ನು ಹಳೇ ಪಂಚೆಯ ತುಂಡಿಗೆ ಹಚ್ಚಿ, ಮೊದಲಿನಿಂದ ಕೊನೆಯವರೆಗೆ ಒರೆಸಿದಳು. ಠಾಣೆಯಲ್ಲಿ ಎಷ್ಟು ತಿಂಗಳು ಇರಬೇಕೋ ಏನೋ, ತುಕ್ಕು ಹಿಡಿಯಬಾರದಲ್ಲ.

ಒಂಟಿ ನಳಿಕೆಯ ಹನ್ನೆರಡು ಬೋರಿನ ಕೋವಿ ಅದು. ಪಂಜದಿಂದ ಕಡಬದ ಕಡೆಗೆ ಹೋಗುವ ದಾರಿಯಲ್ಲಿ, ಹೊಳೆ ದಾಟಿ ಒಳಗೆ ಹೋದರೆ ಸಿಗುವ ಅವರ ಎರಡೂವರೆ ಎಕರೆಗೆ ಬೆಳೆ ರಕ್ಷಣೆಗೆಂದು ಬೋಜ ಗೌಡರ ಹೆಸರಿಗೆ ಸಿಕ್ಕಿದ್ದು. ಹೆಸರು ಅವರದ್ದು ಹೌದು, ಆದರೆ ಸುತ್ತಲಿನ ಹತ್ತು ಮನೆಗೂ ಗೊತ್ತಿತ್ತು, ಕಣ್ಣು ಚೆನ್ನಕ್ಕನದ್ದು ಅಂತ. ಅರುವತ್ತೊಂದು ವರ್ಷದ ಈ ಹೆಂಗಸು ಅಂಗಳದಲ್ಲಿ ನಿಂತೇ ಯಾವ ತೆಂಗಿನ ಯಾವ ಗೊನೆಯಲ್ಲಿ ಮಂಗ ಕೈಯಿಟ್ಟಿದೆ ಎಂದು ಹೇಳುತ್ತಿದ್ದಳು. ಈಡು ಹಾಕಬೇಕಾಗಿ ಬಂದಾಗ ಗೌಡರು ಪಕ್ಕದಲ್ಲಿ ನಿಲ್ಲುತ್ತಿದ್ದರು, ಹಾಕುತ್ತಿದ್ದವಳು ಅವಳು. ಗೌಡರು ಯಾಕೆ ಕೋವಿ ಮುಟ್ಟುವುದಿಲ್ಲ ಎಂದು ಯಾರಾದರೂ ಕೇಳಿದರೆ, "ಭುಜ ನೋಯ್ತದೆ" ಎಂದು ಮಾತು ಮುಗಿಸುತ್ತಿದ್ದರು.

ಮರುದಿನ ಮಗ ದಿಶಾಂತನ ಪಿಕಪ್ಪಿನಲ್ಲಿ ಹೋಗಿ ಕೋವಿ ಒಪ್ಪಿಸಿ ರಶೀದಿ ತೆಗೆದುಕೊಂಡರು. ವಾಪಸು ಬರುವಾಗ ದಿಶಾಂತ ಹೇಳಿದ:

"ಅಮ್ಮ, ಆ ಹಳೇ ಕಬ್ಬಿಣ ಅಲ್ಲೇ ಬಿಟ್ಟುಬಿಡುವ. ಲೈಸೆನ್ಸು ನನ್ನ ಹೆಸರಿಗೆ ಮಾಡಿಸುವ. ಪಾಯಿಂಟ್ ಟೂ ಟೂ ರೈಫಲ್ ಒಂದು ತೆಗೊಳ್ಳುವ."

"ಅದು ಎಂತ ಟೂ ಟೂ?"

"ಸಣ್ಣ ಗುಂಡು. ಹೆಸರುಕಾಳಿಗಿಂತ ಸ್ವಲ್ಪ ದಪ್ಪ ಅಷ್ಟೆ. ಮೊಲಕ್ಕೆ, ಕಾಡುಕೋಳಿಗೆ ಅದರಷ್ಟು ಒಳ್ಳೆದು ಬೇರೆ ಇಲ್ಲ. ನಮ್ಮದರಲ್ಲಿ ಹೊಡೆದರೆ ಮೈಯೆಲ್ಲ ಚರೆ, ತಿನ್ನುವಾಗ ಹಲ್ಲಿಗೆ ಸಿಗುದು. ಇದು ತಲೆಗೆ ಒಂದು, ಮುಗಿಯಿತು. ಮತ್ತೆ ಶಬ್ದವೂ ಇಲ್ಲ, ಟಪ್ ಅಂತ ಅಷ್ಟೆ. ಆಚೆ ಮನೆಗೂ ಕೇಳುದಿಲ್ಲ."

ಅವನು ಮೊಬೈಲಿನಲ್ಲಿ ಇಂಥ ವೀಡಿಯೊಗಳನ್ನು ತುಂಬ ನೋಡಿದ್ದ. ಯಾವ ದೇಶದಲ್ಲೋ ಹುಲ್ಲುಗಾವಲಿನಲ್ಲಿ ಮೊಲ ಹೊಡೆಯುವವರು ಯಾವ ಗುಂಡು ಎಷ್ಟು ವೇಗ, ಯಾವುದು ಎಷ್ಟು ದೂರಕ್ಕೆ ಎಷ್ಟು ಇಳಿಯುತ್ತದೆ ಎಂದೆಲ್ಲ ವಿವರಿಸುವುದನ್ನು ಬಾಯಿಪಾಠ ಮಾಡಿಕೊಂಡಿದ್ದ. ಚೆನ್ನಕ್ಕ ರಶೀದಿಯನ್ನು ಮಡಚಿ ಚೀಲದೊಳಗೆ ಹಾಕಿದಳು. ಆಮೇಲೆ ಕೇಳಿದಳು:

"ಮೊಲ ಹೊಡಿಲಿಕ್ಕೆ ಕಾನೂನು ಉಂಟಾ?"

"ಯಾರು ನೋಡ್ತಾರೆ ಅಮ್ಮ?"

"ಹಾಗಾದ್ರೆ ಶಬ್ದ ಬೇಡ ಅಂತ ನೀನು ಹೇಳುದು ಅದಕ್ಕೇ. ನನಗೆ ಮಂಗ ಓಡಿಸ್ಲಿಕ್ಕೆ ಶಬ್ದವೇ ಬೇಕು ಮಾರಾಯ. ಅರ್ಜಿ ನನ್ನ ಹೆಸರಲ್ಲಿ ಹಾಕುವ."

ದಿಶಾಂತ ಗಾಡಿ ನಿಧಾನ ಮಾಡಿ ತಾಯಿಯ ಮುಖ ನೋಡಿದ, ತಮಾಷೆಯೋ ನಿಜವೋ ಎಂದು. ನಿಜವೇ ಎಂದು ಗೊತ್ತಾದಾಗ ಅವನಿಗೆ ನಗು ಬಂತು, ನಕ್ಕ ಮೇಲೆ ಬೇಸರವೂ ಆಯಿತು. ಅವನೇನೂ ಕೆಟ್ಟ ಹುಡುಗ ಅಲ್ಲ. ತಂದೆಯ ಕೊನೆಯ ಆರು ತಿಂಗಳು ಮೀಯಿಸಿ, ಒರೆಸಿ, ಎತ್ತಿ ಕೂರಿಸಿ ನೋಡಿಕೊಂಡವ. ರಬ್ಬರ್ ಶೀಟು, ಅನಾನಸು ಸಾಗಿಸುವ ಬಾಡಿಗೆ ಮುಗಿಸಿ ಬಂದರೆ ಗೆಳೆಯರ ಜೊತೆ ಗುಡ್ಡ ಸುತ್ತಬೇಕೆನ್ನುವುದು ಒಂದೇ ಅವನ ಶೋಕಿ. ಕೋವಿ ತನಗೆ ಬರುತ್ತದೆಂದು ಚಿಕ್ಕಂದಿನಿಂದ ನಂಬಿಕೊಂಡಿದ್ದ. ಗಂಡುಮಗ ಇರುವಾಗ ತಾಯಿ ಕೋವಿಗೆ ಅರ್ಜಿ ಹಾಕುವುದೆಂದರೆ ಊರು ಏನು ಹೇಳೀತು?

"ಊರು ಏನೂ ಹೇಳುದಿಲ್ಲ. ಊರಿಗೆ ಗೊತ್ತುಂಟು" ಎಂದಳು ಚೆನ್ನಕ್ಕ.

ಚೆನ್ನಕ್ಕನಿಗೆ ಕೋವಿ ಹೊಸದಲ್ಲ. ಅವಳ ತವರು ಆಲೆಟ್ಟಿ. ಐದು ಜನ ಹೆಣ್ಣುಮಕ್ಕಳಲ್ಲಿ ಮೂರನೆಯವಳು, ಗಂಡುಮಕ್ಕಳಿಲ್ಲದ ಮನೆ. ಅಪ್ಪನಿಗೆ ಬೇಟೆಯ ಹುಚ್ಚು. ಭೂಮಿತಾಯಿಯ ಹಬ್ಬವಾದ ಕೆಡ್ಡಸದ ದಿನ ಊರವರೆಲ್ಲ ಬೇಟೆಗೆಂದು ಗುಡ್ಡಕ್ಕೆ ಹೋಗುವಾಗ, ಚೀಲ ಹೊರಲಿಕ್ಕೆಂದು ಇವಳನ್ನೂ ಕರೆದುಕೊಂಡು ಹೋಗುತ್ತಿದ್ದರು. ಹದಿನಾರನೇ ವಯಸ್ಸಿಗೆ ಕೋವಿಯನ್ನೇ ಕೈಗೆ ಕೊಟ್ಟರು. ಅವರು ಕಲಿಸಿದ್ದು ಹೊಡೆಯುವುದನ್ನಲ್ಲ, ಆರಿಸುವುದನ್ನು. ಬೆರಳಷ್ಟುದ್ದದ ತೋಟೆಗಳನ್ನು ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿ, ಇದು ಎಲ್ಜಿ, ಇದರಲ್ಲಿ ಕಡಲೆಯಷ್ಟು ದೊಡ್ಡ ಗುಂಡು ಆರೇ ಆರು, ಹಂದಿಗೆ; ಇದು ಆರು ನಂಬ್ರ, ಇದರಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಚರೆ ಇನ್ನೂರೈವತ್ತು, ಮೊಲಕ್ಕೆ, ಅದೂ ಹದಿನೈದು ಮಾರಿನ ಒಳಗೆ, ಎಂದು ಹೇಳಿಕೊಡುತ್ತಿದ್ದರು. "ಸಣ್ಣ ಪ್ರಾಣಿಗೆ ದೊಡ್ಡ ಗುಂಡು ಹಾಕುವವ ಬೇಟೆಗಾರ ಅಲ್ಲ, ಹೆದರುಪುಕ್ಕ" ಎನ್ನುವುದು ಅವರ ಮಾತು.

ಅವಳು ಹೊಡೆದ ಮೊಲ ಒಂದೇ. ಗೇರುಮರದ ಬುಡದಲ್ಲಿ ಕಿವಿ ನೆಟ್ಟಗೆ ಮಾಡಿ ಕೂತಿತ್ತು. ದೂರ ಸ್ವಲ್ಪ ಹೆಚ್ಚಾಯಿತೆಂದು ಅವಳಿಗೂ ಗೊತ್ತಿತ್ತು, ಆದರೂ ಹೊಡೆದಳು. ಮೊಲ ಸಾಯಲಿಲ್ಲ. ಹಿಂಗಾಲು ಎಳೆದುಕೊಂಡು ಪೊದೆಗೆ ನುಗ್ಗಿ ಕೂಗಲು ಶುರುಮಾಡಿತು. ಮೊಲಕ್ಕೆ ದನಿ ಇದೆಯೆಂದೇ ಅವಳಿಗೆ ಆವರೆಗೆ ಗೊತ್ತಿರಲಿಲ್ಲ. ತೊಟ್ಟಿಲ ಕೂಸು ಬಿಕ್ಕಿ ಬಿಕ್ಕಿ ಅತ್ತ ಹಾಗೆ. ಅಪ್ಪ ಪೊದೆಯೊಳಗೆ ಹೋಗಿ ಅದನ್ನು ಮುಗಿಸಿ ಬಂದರು, ಮಗಳಿಗೆ ಒಂದು ಮಾತೂ ಬೈಯಲಿಲ್ಲ. ಆ ದಿನ ಮನೆಯಲ್ಲಿ ಎಲ್ಲರೂ ಸಾರು ಸುರಿದುಕೊಂಡು ಉಂಡರು, ಅವಳು ಮಜ್ಜಿಗೆಯಲ್ಲಿ ಉಂಡು ಎದ್ದಳು. ಆಮೇಲೆ ಅವಳ ಈಡು ಮಂಗನನ್ನು ಹೆದರಿಸುವುದಕ್ಕೆ, ಹಂದಿಯನ್ನು ಬೆರಸಿ ಓಡಿಸುವುದಕ್ಕೆ, ಅಷ್ಟೆ.

ಅರ್ಜಿಗೆ ತರಬೇತಿಯ ಪತ್ರ ಬೇಕೆಂದು ಗೊತ್ತಾದಾಗ ದಿಶಾಂತ, "ಇಬ್ಬರೂ ಹೋಗುವ, ಮತ್ತೆ ನೋಡುವ ಯಾರ ಹೆಸರಲ್ಲಿ ಅಂತ" ಎಂದ. ಪಂಥದ ಮಾತು. ಮಂಗಳೂರಿನಲ್ಲಿ ಪೊಲೀಸರು ನಾಗರಿಕರಿಗೆ ನಡೆಸುವ ಬಂದೂಕು ತರಬೇತಿಗೆ ಇಬ್ಬರೂ ಹೆಸರು ಕೊಟ್ಟರು. ಮೂವತ್ತೆಂಟು ಜನರಲ್ಲಿ ಹೆಂಗಸರು ಮೂವರು. ಉಳಿದಿಬ್ಬರು ಟೀ ಶರ್ಟು ಹಾಕಿದ ಕಾಲೇಜು ಹುಡುಗಿಯರು. ಚೆನ್ನಕ್ಕ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಮೇಲೆ ಗಂಡನ ಉದ್ದ ತೋಳಿನ ಅಂಗಿ ತೊಟ್ಟು, ಸಾಲಿನ ಕೊನೆಯಲ್ಲಿ ನಿಂತಿದ್ದಳು. ತರಬೇತಿ ಕೊಡುವ ಹವಾಲ್ದಾರರು "ಅಮ್ಮ, ನೀವು ಮಗನ ಜೊತೆ ಬಂದದ್ದಾ? ಅಲ್ಲಿ ನೆರಳಲ್ಲಿ ಕೂತ್ಕೊಳ್ಳಿ" ಎಂದರು. "ಇಲ್ಲ, ಮಗ ನನ್ನ ಜೊತೆ ಬಂದದ್ದು" ಎಂದಳು.

ಅಲ್ಲಿ ಕೊಟ್ಟದ್ದು ಇದೇ ಪಾಯಿಂಟ್ ಟೂ ಟೂ. ಚಾಪೆಯ ಮೇಲೆ ಬೋರಲು ಮಲಗಿ, ಇಪ್ಪತ್ತೈದು ಗಜ ದೂರದ ಕಾಗದಕ್ಕೆ ಹತ್ತು ಗುಂಡು. ಮಂಡಿ ನೋವಿನಿಂದ ಮಲಗುವುದೇ ಅವಳಿಗೆ ದೊಡ್ಡ ಕೆಲಸವಾಯಿತು. ಮಲಗಿದ ಮೇಲೆ ಮಾತ್ರ ಮೈ ತಾನಾಗಿ ಸರಿಹೋಯಿತು. ಮೊದಲ ಗುಂಡಿಗೇ ಅವಳಿಗೆ ಆಶ್ಚರ್ಯ. ಭುಜಕ್ಕೆ ಪೆಟ್ಟೇ ಇಲ್ಲ! ಯಾರೋ ಬೆರಳಿನಿಂದ ಮುಟ್ಟಿದ ಹಾಗೆ. ಎಲ್ಲಿ ನೋಡಿದಳೋ ಅಲ್ಲಿ ತೂತು. ಎರಡನೆಯದು, ಮೂರನೆಯದು. ಅವಳಿಗೆ ಎದ್ದೇಳುವ ಮನಸ್ಸೇ ಬರಲಿಲ್ಲ. ಕಾಗದ ತಂದು ಎಣಿಸಿದಾಗ ನೂರಕ್ಕೆ ಎಂಬತ್ತೆಂಟು. ದಿಶಾಂತನಿಗೆ ಅರುವತ್ತೊಂದು. ಹವಾಲ್ದಾರರು ಚೆನ್ನಕ್ಕನ ಕಾಗದವನ್ನು ಎಲ್ಲರಿಗೂ ಎತ್ತಿ ತೋರಿಸಿದರು. ದಿಶಾಂತ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ, ಆದರೆ ಅವನ ಕಿವಿ ಕೆಂಪಾಗಿತ್ತು.

ವಾಪಸು ಬರುವಾಗ ಕಬಕದಲ್ಲಿ ಚಾಕ್ಕೆ ನಿಲ್ಲಿಸಿದರು. ಗೋಳಿಬಜೆ ಮುರಿಯುತ್ತ ಚೆನ್ನಕ್ಕ ತಾನಾಗಿಯೇ ಹೇಳಿದಳು:

"ನೀನು ಹೇಳಿದ್ದು ಸುಳ್ಳಲ್ಲ ದಿಶಾ. ಒಳ್ಳೆ ಕೋವಿ ಅದು."

ದಿಶಾಂತನ ಮುಖ ಅರಳಿತು. "ನಿನ್ನ ಹೆಸರಲ್ಲೇ ಆಗಲಿ ಅಮ್ಮ, ಆದರೆ ಅದನ್ನೇ ತೆಗೊಳ್ಳುವ. ಹೇಗೂ ಪುತ್ತೂರು ಬಂತಲ್ಲ, ಕಾಸಿಂಚನ ಅಂಗಡಿಯಲ್ಲಿ ಒಮ್ಮೆ ನೋಡುವ."

ಕಾಸಿಂಚ ಎಂದು ಎಲ್ಲರೂ ಕರೆಯುವ ಕಾಸಿಂ ಪುತ್ತೂರಿನಲ್ಲಿ ತೋಟೆ, ಕೋವಿ ಮಾರುವ, ಹಳತನ್ನು ರಿಪೇರಿ ಮಾಡುವ ಮನುಷ್ಯ. ಬೋಜ ಗೌಡರು ತೋಟೆ ತರುತ್ತಿದ್ದದ್ದು ಅವರಿಂದಲೇ. ಗೌಡರು ಹೋದ ಸುದ್ದಿ ಅವರಿಗೆ ಮುಟ್ಟಿತ್ತು. ಒಂದು ಗಳಿಗೆ ಅದರ ಬಗ್ಗೆ ಮಾತಾಡಿ, ಕುಡಿಯಲು ಶರಬತ್ತು ತರಿಸಿ, ಆಮೇಲೆ ರೈಫಲನ್ನು ಹೊರಗೆ ತೆಗೆದರು. ನುಣುಪು ಮರದ ಹಿಡಿ, ಸಪೂರ ನಳಿಕೆ. ದಿಶಾಂತ ಎರಡೂ ಕೈಯಲ್ಲಿ ಹಿಡಿದು ಕೂಸನ್ನು ನೋಡಿದ ಹಾಗೆ ನೋಡಿದ.

"ಬೆಳೆ ರಕ್ಷಣೆಗೆ ಸಾಮಾನ್ಯ ಎಲ್ಲರೂ ಕೇಳುದು ಹನ್ನೆರಡು ಬೋರೇ. ಇದಕ್ಕೆ ಅನುಮತಿ ಸಿಗುದು ಸ್ವಲ್ಪ ಕಷ್ಟ, ಆದರೆ ಕೇಳ್ಲಿಕ್ಕೆ ಆಗುದಿಲ್ಲ ಅಂತ ಇಲ್ಲ" ಎಂದರು ಕಾಸಿಂಚ.

ದಿಶಾಂತ ಕೇಳಿದ ಪ್ರಶ್ನೆಗಳಿಗೆಲ್ಲ ಅವರು ಸಾವಧಾನವಾಗಿ ಉತ್ತರ ಕೊಟ್ಟರು. ಎಷ್ಟು ದೂರದಲ್ಲಿ ಗುರಿ ನಿಲ್ಲುತ್ತದೆ, ಗುಂಡಿನ ಮೂತಿಯಲ್ಲಿ ತೂತು ಇದ್ದರೆ ಏನು, ಇಲ್ಲದಿದ್ದರೆ ಏನು, ಇದಕ್ಕಿಂತ ಸಣ್ಣ ಅಳತೆಯ ಏರ್‌ಗನ್ ಆದರೆ ಹೇಗೆ. ಅದೆಲ್ಲ ಮುಗಿದ ಮೇಲೆ ಚೆನ್ನಕ್ಕ ಒಂದೇ ಒಂದು ಕೇಳಿದಳು.

"ಕಾಸಿಂಚ, ತಪ್ಪಿದರೆ ಇದು ಎಲ್ಲಿವರೆಗೆ ಹೋಗ್ತದೆ?"

ಕಾಸಿಂಚ ಅವಳನ್ನು ಒಮ್ಮೆ ನೋಡಿ, ಗುಂಡಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಅದರ ಬದಿಯ ಸಣ್ಣ ಅಕ್ಷರಕ್ಕೆ ಬೆರಳಿಟ್ಟರು. "ಒಂದು ಮೈಲು. ಹತ್ತಿರ ಹತ್ತಿರ ಒಂದೂವರೆ ಕಿಲೋಮೀಟರು. ಇಲ್ಲೇ ಬರ್ದಿದ್ದಾರೆ. ಮೂವತ್ತು ವರ್ಷದಿಂದ ಕೂತಿದ್ದೇನೆ ಅಕ್ಕ ಇಲ್ಲಿ. ಬಂದವರೆಲ್ಲ ತಾಗಿದರೆ ಎಂತ ಆಗ್ತದೆ ಅಂತ ಕೇಳುದು. ತಪ್ಪಿದರೆ ಎಂತ ಅಂತ ಕೇಳಿದವರು ಕಡಿಮೆ."

"ಆರು ನಂಬ್ರದ ಚರೆ?"

"ಅದು ಇನ್ನೂರು ಗಜ ದಾಟುದಿಲ್ಲ. ಅಷ್ಟು ದೂರ ಹೋಗುವಾಗ ಬಲವೂ ಇರುದಿಲ್ಲ, ಮಳೆಹನಿ ಬಿದ್ದ ಹಾಗೆ ಬೀಳ್ತದೆ."

ಚೆನ್ನಕ್ಕ ರೈಫಲನ್ನು ಮಗನ ಕೈಯಿಂದ ತೆಗೆದುಕೊಂಡು ಒಮ್ಮೆ ಭುಜಕ್ಕೆ ಆನಿಸಿ ನೋಡಿದಳು. ಹಿಡಿಯನ್ನು ಅಂಗೈಯಿಂದ ಸವರಿದಳು. ಆಸೆಯೇ ಆಗಲಿಲ್ಲ ಎಂದರೆ ಸುಳ್ಳಾದೀತು. ಆಮೇಲೆ ಮೆಲ್ಲ ಮೇಜಿನ ಮೇಲಿಟ್ಟಳು. "ನಮ್ಮ ತೋಟದಿಂದ ಯಾವ ಕಡೆಗೆ ತಿರುಗಿದರೂ ಒಂದು ಮೈಲಿನಲ್ಲಿ ಹದಿನೈದು ಮನೆ ಉಂಟು. ಒಂದು ಅಂಗನವಾಡಿ ಉಂಟು. ನನಗೆ ಹಳೇದೇ ಸಾಕು ಕಾಸಿಂಚ. ಪರವಾನಗಿ ಆದ ಮೇಲೆ ಆರು ನಂಬ್ರದ ತೋಟೆಗೆ ಬರ್ತೇನೆ."

ಮನೆಯ ಗೇಟಿನ ಹತ್ತಿರ ಗಾಡಿ ನಿಲ್ಲಿಸಿದಾಗ, ದಿಶಾಂತ ಪುತ್ತೂರಿನಿಂದ ತಡೆದುಕೊಂಡದ್ದೆಲ್ಲ ಒಟ್ಟಿಗೆ ಹೊರಗೆ ಬಂತು. "ನಾನು ಎಂತ ಚಿಕ್ಕ ಮಗುವಾ? ಮನೆ ಇರುವ ಕಡೆಗೆ ಹೊಡಿತೇನಾ? ನಿನಗೆ ನನ್ನ ಮೇಲೆ ನಂಬಿಕೆ ಇಲ್ಲ. ಅಪ್ಪನ ಮೇಲೆ ಇತ್ತು, ನನ್ನ ಮೇಲೆ ಇಲ್ಲ."

ಚೆನ್ನಕ್ಕ ಇಳಿಯಲಿಲ್ಲ. "ಗಾಡಿ ತಿರುಗಿಸು. ತಿಮ್ಮಕ್ಕನಲ್ಲಿಗೆ ಹೋಗುವ" ಎಂದಳು.

ತಿಮ್ಮಕ್ಕ ಅವರ ತೋಟದ ಮೇಲಿನ ಮನೆಯವಳು, ಎಪ್ಪತ್ತೈದು ದಾಟಿದ ವಿಧವೆ. ದಿಶಾಂತನಿಗೆ ದೊಡ್ಡಮ್ಮನ ಹಾಗೆ. ಅವಳ ಎಡಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ, ಅದು ಅಂಗಳದಲ್ಲಿ ಜಾರಿ ಬಿದ್ದದ್ದು ಎಂದು ಅವನು ಹುಟ್ಟಿದಾಗಿನಿಂದ ಕೇಳಿದ್ದ. ಇವರು ಹೋಗುವಾಗ ಅವಳು ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದಳು.

"ತಿಮ್ಮಕ್ಕ, ಇವನಿಗೆ ಹೇಳಬೇಕಾಯಿತು" ಎಂದಳು ಚೆನ್ನಕ್ಕ.

ತಿಮ್ಮಕ್ಕ ಕತ್ತಿ ಕೆಳಗಿಟ್ಟಳು. "ಬೋಜ ಇರುವವರೆಗೆ ಬೇಡ ಅಂತ ಇತ್ತಲ್ಲ. ಈಗ ಅವನೂ ಹೋದ. ಹೇಳು" ಎಂದಳು.

ಚೆನ್ನಕ್ಕ ಹೇಳಿದಳು. ದಿಶಾಂತ ಆಗ ಹನ್ನೊಂದು ತಿಂಗಳ ಕೂಸು. ಸಂಜೆಯ ಹೊತ್ತು, ತೋಟದ ಮೇಲ್ಬದಿಯಲ್ಲಿ ಬೋಜ ಗೌಡರ ಕಣ್ಣಿಗೆ ಮೊಲ ಬಿತ್ತು. ಕಿಸೆಯಲ್ಲಿದ್ದದ್ದು ಹಂದಿಗೆಂದು ತಂದ ಎಲ್ಜಿ ತೋಟೆ ಒಂದೇ. ಆರು ನಂಬ್ರ ಮನೆಯಲ್ಲಿತ್ತು, ತರಲು ಹೋದರೆ ಮೊಲ ಕಾಯುತ್ತದೆಯೇ? ಅದನ್ನೇ ಹಾಕಿ ಹೊಡೆದರು. ಮೊಲಕ್ಕೆ ತಾಗಲೇ ಇಲ್ಲ. ಪೊದೆಯ ಮೇಲಿನಿಂದ ಹಾದ ಆರು ಗುಂಡಿನಲ್ಲಿ ಎರಡು, ಅಂಗಳದಲ್ಲಿ ಅಡಿಕೆ ಹೆಕ್ಕುತ್ತಿದ್ದ ತಿಮ್ಮಕ್ಕನ ಭುಜಕ್ಕೆ ಬಿದ್ದವು.

"ಮೊದಲು ಕಣಜ ಕಚ್ಚಿತು ಅಂತ ಗ್ರಹಿಸಿದೆ ನಾನು" ಎಂದಳು ತಿಮ್ಮಕ್ಕ. "ಮತ್ತೆ ನೋಡಿದರೆ ರವಿಕೆ ಎಲ್ಲ ಒದ್ದೆ. ನಿನ್ನಪ್ಪ ಓಡಿ ಬಂದ. ಅಂಗಳದಲ್ಲಿ ಕೂತು ತಲೆ ತಲೆ ಬಡಿದುಕೊಂಡ. ನಾನೇ ಸಮಾಧಾನ ಮಾಡಬೇಕಾಯಿತು."

ಊರಿನ ನಾಟಿ ವೈದ್ಯನೊಬ್ಬ ಒಂದು ಗುಂಡು ತೆಗೆದ. ಇನ್ನೊಂದು ಮೂಳೆಯ ಬದಿಗೆ ಹೋಗಿ ಕೂತಿತ್ತು, ಅದು ಅವನ ಕೈಗೆ ಸಿಗಲಿಲ್ಲ. ತಿಮ್ಮಕ್ಕ ರವಿಕೆಯ ತೋಳನ್ನು ಮೇಲೆ ಸರಿಸಿ, ದಿಶಾಂತನ ಕೈ ಹಿಡಿದು ತನ್ನ ಭುಜದ ಹಿಂದೆ ಇಟ್ಟುಕೊಂಡಳು. ಚರ್ಮದ ಅಡಿಯಲ್ಲಿ ಕಡಲೆಕಾಳಿನಷ್ಟು ಗಟ್ಟಿ ಗಂಟು, ಒತ್ತಿದರೆ ಆಚೆ ಸರಿಯುತ್ತಿತ್ತು. ದಿಶಾಂತ ಬಿಸಿ ಮುಟ್ಟಿದವನ ಹಾಗೆ ಕೈ ಹಿಂದೆ ತೆಗೆದ.

"ನೀವು ಕಂಪ್ಲೇಂಟ್ ಯಾಕೆ ಕೊಡ್ಲಿಲ್ಲ ದೊಡ್ಡಮ್ಮ?"

"ಕೊಡುವ ಅಂತಲೇ ಇದ್ದೆ. ಕೋಪ ಬರುದಿಲ್ಲವಾ ಮನುಷ್ಯರಿಗೆ? ಮರುದಿನ ನಿನ್ನಮ್ಮ ನಿನ್ನನ್ನು ಸೊಂಟದಲ್ಲಿ ಎತ್ತಿಕೊಂಡು ಗಂಜಿ ತಂದಳು. ನೀನು ನನ್ನ ಮುಖ ನೋಡಿ ನಗಾಡಿದೆ, ಪಾಪಿ. ಇವನ ಅಪ್ಪನನ್ನು ಒಳಗೆ ಹಾಕಿಸಿ ನನಗೆ ಎಂತ ಕೈ ಬರ್ತದಾ ಅಂತ ಕಂಡಿತು. ಜಾರಿ ಬಿದ್ದೆ ಅಂತ ಹೇಳಿದೆ. ಒಮ್ಮೆ ಹೇಳಿದ ಮೇಲೆ ಹೇಳುತ್ತಲೇ ಇರಬೇಕಲ್ಲ."

ತಂದೆ ಇಪ್ಪತ್ತು ವರ್ಷ ಪ್ರತಿದಿನ ಬೆಳಿಗ್ಗೆ ತಿಮ್ಮಕ್ಕನ ಹಟ್ಟಿಗೆ ಹುಲ್ಲಿನ ಹೊರೆ ಹೊತ್ತು ಹಾಕುತ್ತಿದ್ದದ್ದು ದಿಶಾಂತನಿಗೆ ನೆನಪಿತ್ತು. ನೆರೆಹೊರೆಯ ಉಪಕಾರ ಎಂದು ತಿಳಿದಿದ್ದ. ಕೋವಿ ಮುಟ್ಟದೆ ಇದ್ದದ್ದನ್ನೂ ಭುಜದ ನೋವೆಂದು ನಂಬಿದ್ದ.

"ನಿನ್ನಪ್ಪನ ಮೇಲೂ ನನಗೆ ನಂಬಿಕೆ ಇತ್ತು" ಎಂದಳು ಚೆನ್ನಕ್ಕ. "ಅವರೂ ಮನೆ ಇರುವ ಕಡೆಗೆ ಅಂತ ಹೊಡೆದದ್ದಲ್ಲ. ಮೊಲ ಇರುವ ಕಡೆಗೆ ಹೊಡೆದದ್ದು."

ದಿಶಾಂತ ಜಗಲಿಯಿಂದ ಇಳಿದು ಅಂಗಳದ ಅಂಚಿಗೆ ಹೋಗಿ, ಕೆಳಗೆ ಕಾಣುವ ತಮ್ಮ ತೋಟವನ್ನು ನೋಡುತ್ತ ನಿಂತ. ತಿಮ್ಮಕ್ಕ ಹಲಸಿನ ಬೀಜದ ಪಾತ್ರೆಯನ್ನು ಚೆನ್ನಕ್ಕನ ಕಡೆಗೆ ನೂಕಿದಳು. ಇಬ್ಬರು ಹೆಂಗಸರೂ ಸುಲಿಯುತ್ತ ಕೂತರು. ತುಂಬ ಹೊತ್ತಿನ ಮೇಲೆ ಅವನು ಬಂದು, "ಚಾ ಮಾಡ್ತೇನೆ ದೊಡ್ಡಮ್ಮ, ಸಕ್ಕರೆ ಎಲ್ಲಿ ಉಂಟು?" ಎಂದು ಕೇಳಿ ಒಳಗೆ ಹೋದ.

ಅದಾದ ಮೇಲೆ ಅವನು ಬೇರೆ ಮನುಷ್ಯನೇ ಆಗಿಬಿಟ್ಟ ಎಂದೇನೂ ಅಲ್ಲ. ಕೆಲವು ದಿನ ತಂದೆಯ ಮೇಲೆ, ತಾಯಿಯ ಮೇಲೆ, ಮುಚ್ಚಿಟ್ಟವರೆಲ್ಲರ ಮೇಲೆ ಸಿಟ್ಟು ಮಾಡಿಕೊಂಡು ತಿರುಗಿದ. ವೀಡಿಯೊ ನೋಡುವುದನ್ನೂ ಬಿಡಲಿಲ್ಲ. ಆದರೆ ಗೆಳೆಯರು ಗುಡ್ಡಕ್ಕೆ ಕರೆದರೆ ಬಾಡಿಗೆ ಉಂಟು ಎನ್ನತೊಡಗಿದ. ಮಂಗಳೂರಿನ ಒಂದು ಶೂಟಿಂಗ್ ಕ್ಲಬ್ಬಿಗೆ ಸೇರಿಕೊಂಡು, ತಿಂಗಳಿಗೆ ಎರಡು ಭಾನುವಾರ ಹೋಗಿ ಅವನ ಪ್ರೀತಿಯ ಪಾಯಿಂಟ್ ಟೂ ಟೂನಲ್ಲಿ ಕಾಗದಕ್ಕೆ ಹೊಡೆದು ಬರುತ್ತಾನೆ. ಅಲ್ಲಿ ಗುರಿಯ ಹಿಂದೆ ಎರಡಾಳೆತ್ತರದ ಮಣ್ಣಿನ ದಿಬ್ಬ ಇದೆ. ಈಚೆಗೆ ಅವನ ಲೆಕ್ಕ ತೊಂಬತ್ತೊಂದಕ್ಕೆ ಏರಿದೆ. ತಾಯಿಗಿಂತ ಮೂರು ಹೆಚ್ಚು ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಾನೆ. ಅವಳು ಹೊಡೆದದ್ದು ಒಂದೇ ದಿನ ಎನ್ನುವುದನ್ನು ಹೇಳುವುದಿಲ್ಲ.

ಪರವಾನಗಿ ಬರಲು ಎಂಟು ತಿಂಗಳು ಹಿಡಿಯಿತು. ಪುಸ್ತಕದಲ್ಲಿ ತನ್ನ ಫೋಟೋದ ಕೆಳಗೆ ತನ್ನದೇ ಹೆಸರು ನೋಡಿ ಚೆನ್ನಕ್ಕ ಅದನ್ನು ಎರಡು ಸಲ ಓದಿದಳು. ಕೋವಿಯಲ್ಲಿ ತುಕ್ಕು ಇರಲಿಲ್ಲ. ಕಾಸಿಂಚನಲ್ಲಿಂದ ಆರು ನಂಬ್ರದ ಇಪ್ಪತ್ತೈದು ತೋಟೆ ತಂದು ಬೀಗ ಹಾಕಿಟ್ಟಳು. ಬಸಳೆಯ ಚಪ್ಪರದ ಬಳಿ ಅಲಸಂಡೆಯ ಎಳೆ ಬಳ್ಳಿಗಳನ್ನು ಯಾವುದೋ ಮೊಲ ಬಂದು ಕೊರೆಯುತ್ತಿತ್ತು. ಅದಕ್ಕೆ ದಿಶಾಂತನೇ ಹಳೇ ಮೀನಿನ ಬಲೆ ತಂದು ಸುತ್ತ ಕಟ್ಟಿದ.

ಮಂಗಗಳು ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ, ಇಪ್ಪತ್ತಕ್ಕೆ ಕಡಿಮೆ ಇಲ್ಲ. ಹೊಳೆಬದಿಯ ತೆಂಗಿನಲ್ಲಿ ಬೊಂಡಗಳು ಒಂದೊಂದಾಗಿ ಕೆಳಗೆ ಬೀಳತೊಡಗಿದವು. ಚೆನ್ನಕ್ಕ ಅನ್ನದ ಬಟ್ಟಲನ್ನು ಮುಚ್ಚಿಟ್ಟು ಕೋವಿ ತಂದಳು, ಸುತ್ತ ನಾಲ್ಕೂ ಕಡೆ ನೋಡಿದಳು, ತೆಂಗಿನ ತಲೆಗಿಂತ ಎಷ್ಟೋ ಮೇಲಕ್ಕೆ, ಬರಿಯ ಆಕಾಶಕ್ಕೆ ಒಂದು ಈಡು ಹಾಕಿದಳು. ಗುಡ್ಡ ಎರಡು ಸಲ ಗುಡುಗಿತು. ಮಂಗಗಳು ಒಂದರ ಮೇಲೊಂದು ಹಾರಿ ಹೊಳೆ ದಾಟಿ ಓಡಿದವು. ಅವಳು ಕೈ ತೊಳೆದು ಮತ್ತೆ ಊಟಕ್ಕೆ ಕೂತಿದ್ದಳಷ್ಟೆ, ಹೊಳೆಯಾಚೆಯ ತಿರುಮಲೇಶ್ವರ ಭಟ್ರ ಫೋನು.

"ಚೆನ್ನಕ್ಕ, ಎಂತ ಮಾರಾಯ್ರೆ ಇದು! ನಿಮ್ಮ ಮಂಗ ಪೂರಾ ಇಲ್ಲಿ ಬಂದು ಕೂತಿದೆ!"

"ನನ್ನದಾ? ಈಗ ನಿಮ್ಮಲ್ಲಿಂದಲೇ ಇತ್ತ ಬಂದದ್ದಲ್ಲವಾ ಭಟ್ರೆ?"

"ನಾನು ಈಗ ಎಂತ ಮಾಡುದು ಹೇಳಿ. ಕೋವಿ ಗೀವಿ ಎಲ್ಲ ನಮಗೆ ಆಗುದಿಲ್ಲ."

"ಒಂದು ಗರ್ನಾಲು ಪಟಾಕಿ ಇದ್ರೆ ಬಿಡಿ."

"ಬಿಟ್ರೆ ವಾಪಸು ನಿಮ್ಮಲ್ಲಿಗೇ ಬರ್ತದಲ್ಲ!"

"ಬರಲಿ" ಎಂದಳು ಚೆನ್ನಕ್ಕ, ಸಾರು ಬಡಿಸಿಕೊಳ್ಳುತ್ತ. "ಅಷ್ಟರಲ್ಲಿ ನನ್ನ ಊಟ ಆಗ್ತದೆ."